ಮನೆಯಲ್ಲಿ ಕಡೆದ ಬುಶ್

ಮೋಟರ್‌ಸೈಕಲ್ಲು ಕೆಟ್ಟು ನಿಂತ ಮೇಲೆ ಆ ಮನೆಯಲ್ಲಿ ನಾಲ್ಕು ಜನ ಒಟ್ಟಿಗೆ ಕೂತು ಉಣ್ಣುವುದೂ ನಿಂತುಹೋಯಿತು.

ಗಾಡಿ ಸೊಸೆಯದು. ಮನೆಮನೆಗೆ ಹೋಗಿ ಕರೆಂಟ್ ಮೀಟರ್ ಓದಿ ಬಿಲ್ಲು ಕೊಡುವುದು ಅವಳ ಕೆಲಸ. ಗಾಡಿ ಇದ್ದಾಗ ಊರಾಚೆಯ ಕಲ್ಲುಕ್ವಾರಿಯ ಓಣಿಗಳನ್ನೆಲ್ಲ ಸುತ್ತಿ ಸಂಜೆ ಟೀ ಹೊತ್ತಿಗೆ ಮನೆ ಸೇರುತ್ತಿದ್ದವಳು, ಈಗ ಒಂದು ಬಸ್ಸು, ಒಂದಿಷ್ಟು ನಡಿಗೆ, ಮತ್ತೊಂದು ಬಸ್ಸು ಎಂದು ದೀಪ ಹಾಕಿ ಎಷ್ಟೋ ಹೊತ್ತಾದ ಮೇಲೆ ಬಂದು ಚಪ್ಪಲಿ ಬಿಸಾಡಿ ಕೂರುತ್ತಿದ್ದಳು. ಮಗ ಬೇಕರಿಯವನು. ಬೆಳಕು ಹರಿಯುವ ಮುಂಚೆ ಹೋಗಿ, ಮಧ್ಯಾಹ್ನ ಕಿವಿಯಲ್ಲೂ ಹಿಟ್ಟು ತುಂಬಿಕೊಂಡು ಬಂದು, ಎರಡು ತುತ್ತು ತಿಂದು ಮಲಗಿಬಿಡುತ್ತಿದ್ದ. ಯಜಮಾನರಂತೂ ಹಿತ್ತಲ ಶೆಡ್ಡಿನಲ್ಲಿ ಲೋಹ ಕಡೆಯುವ ಲೇತ್ ಮೆಷಿನ್ನಿನ ಮುಂದೆ ನಿಂತರೆ ಕರೆದರೂ ಬರುತ್ತಿರಲಿಲ್ಲ. ಒಬ್ಬೊಬ್ಬರಿಗೂ ಬೇರೆ ಬೇರೆ ಹೊತ್ತಿಗೆ ಬಿಸಿ ಮಾಡಿ ಬಡಿಸಿ ಬಡಿಸಿ ಅತ್ತೆಗೆ ಒಲೆ ಬಿಟ್ಟು ಏಳುವುದೇ ಆಗುತ್ತಿರಲಿಲ್ಲ.

ಕೆಟ್ಟಿದ್ದು ಬಹಳ ಸಣ್ಣ ವಸ್ತು. ಇಂಜಿನ್ನಿನೊಳಗೆ ಪಿಸ್ಟನ್ನಿನ ಪಿನ್ ಆಡುವ ಜಾಗದಲ್ಲಿ ಕಂಚಿನದೊಂದು ಬುಶ್ ಇರುತ್ತದೆ, ಹೆಬ್ಬೆರಳಿಗೆ ತೊಡಿಸಬಹುದಾದಷ್ಟು ಗಾತ್ರದ ಬಳೆಯ ಹಾಗೆ. ಅದು ಸವೆದು ಗಾಡಿ ಟಕಟಕ ಬಡಿದುಕೊಳ್ಳುತ್ತಿತ್ತು. ಬೀದಿ ಮೂಲೆಯ ಮೆಕ್ಯಾನಿಕ್ ಇಂಜಿನ್ ಬಿಚ್ಚಿ, ಸವೆದದ್ದನ್ನು ತೆಗೆದು ಅಂಗೈ ಮೇಲಿಟ್ಟು, "ಹೊಸದು ತಂದುಕೊಡಿ, ಸಂಜೆಗೆ ಗಾಡಿ ರೆಡಿ" ಎಂದಿದ್ದ. ಯಜಮಾನರು ಅದನ್ನು ಅಂಗಿಯ ಜೇಬಿಗೆ ಹಾಕಿಕೊಂಡು, "ತರೋದೇನು ಬಂತು, ಮಾಡ್ತೀನಿ" ಎಂದು ಮನೆಗೆ ಬಂದುಬಿಟ್ಟಿದ್ದರು.

ಹಾಗೆನ್ನುವ ಹಕ್ಕು ಅವರಿಗಿತ್ತು. ಜೀವಮಾನವೆಲ್ಲ ಕಾರ್ಖಾನೆಯಲ್ಲಿ ಟರ್ನರ್ ಆಗಿ ಕಬ್ಬಿಣ, ಕಂಚು ಕಡೆದವರು. ನಿವೃತ್ತಿಯಾದ ವರ್ಷ ಗೋಡೆ ನೋಡುತ್ತ ಕೂತವರನ್ನು ಮತ್ತೆ ಮನುಷ್ಯರನ್ನಾಗಿ ಮಾಡಿದ್ದೇ ಶೆಡ್ಡಿನ ಆ ಹಳೆಯ ಲೇತು. ಅಲ್ಲದೆ ಹಿಂದಿನ ಸಲ ಅಂಗಡಿಯಿಂದ ಕೊಂಡು ತಂದು ಹಾಕಿಸಿದ ಬುಶ್ ಒಂದು ವರ್ಷವೂ ಬಂದಿರಲಿಲ್ಲ.

"ಅದು ಬುಶ್ ಅಲ್ಲ, ಬಣ್ಣ ಹಾಕಿದ ಬೆಣ್ಣೆ" ಎಂದರು ಯಜಮಾನರು. "ನಾನು ಮಾಡಿದ್ದು ನಿನ್ನ ಮೊಮ್ಮಕ್ಕಳ ಕಾಲಕ್ಕೂ ಇರುತ್ತೆ."

"ಮಾವ, ಮೊಮ್ಮಕ್ಕಳು ಆಮೇಲಿನ ಮಾತು. ನನಗೆ ಸೋಮವಾರ ಗಾಡಿ ಬೇಕು" ಎಂದಳು ಸೊಸೆ.

"ಸೋಮವಾರಕ್ಕೇ ಕೊಡ್ತೀನಿ."

ಆ ಸೋಮವಾರ ಬಂತು, ಹೋಯಿತು. ಮುಂದಿನ ಸೋಮವಾರವೂ ಹೋಯಿತು. ಯಜಮಾನರು ಒಂದು ಬುಶ್ ಕಡೆಯುವರು, ಬೆರಳಲ್ಲಿ ತಿರುಗಿಸಿ ತಿರುಗಿಸಿ ನೋಡುವರು, ಇದು ಸ್ವಲ್ಪ ಬಿಗಿ ಎನ್ನುವರು, ಇನ್ನೊಂದಕ್ಕೆ ಕೈ ಹಾಕುವರು. ಶೆಡ್ಡಿನ ಹಲಗೆಯ ಮೇಲೆ ಹಳದಿ ಬಳೆಗಳ ಸಾಲು ಬೆಳೆಯುತ್ತ ಹೋಯಿತು. ಅತ್ತೆ ಗುಡಿಸಲು ಹೋದಾಗ ಕಂಚಿನ ಸುರುಳಿ ಚೂರುಗಳು ಪೊರಕೆಗೆ ಸಿಕ್ಕಿಕೊಂಡು ಅಡುಗೆಮನೆಯ ತನಕ ಬರುತ್ತಿದ್ದವು.

ಒಂದು ಸಂಜೆ ಸೊಸೆ ತಡವಾಗಿ ಬಂದು, ತೊಟ್ಟಿಯಲ್ಲಿ ರಾಶಿ ಬಿದ್ದಿದ್ದ ಪಾತ್ರೆಗಳನ್ನು ನೋಡಿ ಹಾಗೇ ನಿಂತಳು. ಪಾತ್ರೆ ಅವಳ ಪಾಲಿನ ಕೆಲಸ. ಅತ್ತೆಗೂ ಅವತ್ತು ಸೊಂಟ ಹಿಡಿದಿತ್ತು.

"ಸ್ವಲ್ಪ ಕೂತುಕೊಂಡು ಆಮೇಲೆ ತೊಳೀತೀನಿ ಅತ್ತೆ."

"ಕೂತ್ಕೋ. ಪಾತ್ರೆ ಎಲ್ಲಿಗೂ ಓಡಿಹೋಗಲ್ಲ. ಎರಡು ವಾರದಿಂದ ನಾನೇ ತೊಳೀತಿರೋದು, ಇವತ್ತೊಂದು ದಿನ ಹಾಗೇ ಇರಲಿ."

"ಬೇಕು ಅಂತ ತಡವಾಗಿ ಬರ್ತೀನಾ? ಒಂದು ಬುಶ್ ಕೊಂಡು ತಂದಿದ್ರೆ ಈ ರಾಮಾಯಣವೇ ಇರ್ತಿರಲಿಲ್ಲ. ನೀವಾದರೂ ಮಾವನಿಗೆ ಒಂದು ಮಾತು ಹೇಳಬಾರದಾ?"

"ಅವರ ಕೆಲಸದಲ್ಲಿ ನಾನು ಬಾಯಿ ಹಾಕಲ್ಲ. ಮನುಷ್ಯರು ಕಷ್ಟಪಟ್ಟು ಮಾಡ್ತಿದಾರೆ, ಒಂದಿಷ್ಟು ತಾಳ್ಮೆ ಇರಲಿ ನಿನಗೆ."

ಸೊಸೆ ಕೂರದೆ ತೊಟ್ಟಿಗೇ ಹೋದಳು. ಪಾತ್ರೆ ತೊಳೆಯುವ ಸದ್ದು ಬೀದಿಗೆ ಕೇಳುವಷ್ಟು ಜೋರಾಗಿತ್ತು. ಅತ್ತೆ ಗಂಡನ ಪರ ವಹಿಸಿದಳೇನೋ ನಿಜ, ಆದರೆ ಆಡಿದ ಮಾತು ಅವಳಿಗೇ ಸರಿಬರಲಿಲ್ಲ. ಯಾಕೆಂದರೆ ಅವಳಿಗೆ ಒಂದು ವಿಷಯ ಗೊತ್ತಿತ್ತು.

ಯಜಮಾನರಿಗೆ ಕಣ್ಣು ಸರಿಯಾಗಿ ಕಾಣುತ್ತಿರಲಿಲ್ಲ.

ಅವರಾಗಿ ಹೇಳಿದ್ದಲ್ಲ. ಟೀ ಬಗ್ಗಿಸಿಕೊಳ್ಳುವಾಗ ಲೋಟದ ಪಕ್ಕಕ್ಕೆ ಸುರಿದು, "ಈ ಪಾತ್ರೆಯ ಮೂತಿ ಸೊಟ್ಟ" ಎನ್ನುತ್ತಿದ್ದರು. ಗಡ್ಡ ಕೆರೆದುಕೊಂಡು ಬಂದರೆ ದವಡೆಯ ಕೆಳಗೆ ಒಂದು ಪಟ್ಟೆ ಹಾಗೇ ಉಳಿದಿರುತ್ತಿತ್ತು. ಪೇಪರನ್ನು ಹೆಂಡತಿಯ ಕೈಗೆ ಕೊಟ್ಟು, "ನೀನೇ ಓದು, ನಿನ್ನ ದನಿ ಕೇಳಿ ಎಷ್ಟು ದಿನವಾಯ್ತು" ಎಂದು ಸರಸವಾಡುತ್ತಿದ್ದರು. ಮೊನ್ನೆ ಪಲ್ಯದಲ್ಲಿದ್ದ ಸಾಸಿವೆಯನ್ನು ಇರುವೆ ಎಂದುಕೊಂಡು ಒಂದೊಂದಾಗಿ ಆರಿಸಿ ತಟ್ಟೆಯ ಅಂಚಿಗೆ ಇಟ್ಟರು. ಅತ್ತೆ ನೋಡಿಯೂ ನೋಡದಂತಿದ್ದಳು. ಹೇಳಿದರೆ ಲೇತು ನಿಲ್ಲುತ್ತದೆ, ಲೇತು ನಿಂತರೆ ಮತ್ತೆ ಗೋಡೆ ನೋಡುವ ದಿನಗಳು ಬರುತ್ತವೆ ಎಂಬ ದಿಗಿಲು ಅವಳಿಗೆ. ಬುಶ್ ಆಗುವುದಿಲ್ಲ, ಸೊಸೆಯೇ ಬೇಸತ್ತು ಕೊಂಡು ತರುತ್ತಾಳೆ, ಯಾರೂ ಏನೂ ಹೇಳದೆ ಎಲ್ಲ ತಾನಾಗಿ ಮುಗಿಯುತ್ತದೆ ಎಂದು ಕಾಯುತ್ತಿದ್ದಳು.

ತಾನಾಗಿ ಮುಗಿಯಲಿಲ್ಲ. ಕೊನೆಗೆ ಒಂದು ಬೆಳಿಗ್ಗೆ, ಯಜಮಾನರು ಸ್ನಾನಕ್ಕೆ ಹೋದ ಹೊತ್ತು ನೋಡಿ, ಅತ್ತೆ ಸವೆದ ಹಳೆಯ ಬುಶ್ಶನ್ನು ಕರ್ಚೀಫಿನಲ್ಲಿ ಸುತ್ತಿಕೊಂಡು ತರಕಾರಿ ಚೀಲ ಹಿಡಿದು ಹೊರಟಳು. ಸ್ಪೇರ್ ಪಾರ್ಟ್ಸ್ ಅಂಗಡಿಗೆ ಕಾಲಿಟ್ಟದ್ದು ಅದೇ ಮೊದಲು. ಸೂರಿನಿಂದ ಚೈನು, ಬೆಲ್ಟು, ಕನ್ನಡಿಗಳು ಜೋತುಬಿದ್ದಿದ್ದವು. ಗ್ರೀಸಿನ ವಾಸನೆ ಗಂಡನ ಹಳೆಯ ಅಂಗಿಗಳಲ್ಲಿ ಇರುತ್ತಿದ್ದದ್ದೇ.

"ಯಾವ ಗಾಡಿದಮ್ಮ ಇದು?" ಎಂದ ಅಂಗಡಿಯವನು.

"ಕೆಂಪು ಗಾಡಿ."

ಅವನು ನಕ್ಕ. "ಮೊನ್ನೆ ಒಬ್ಬರು ಇದೇ ಸೈಜಿಂದು ಕೇಳ್ಕೊಂಡು ಬಂದಿದ್ರು. ಅವರೂ ಹೀಗೇ ಕೆಂಪು ಗಾಡಿ ಅಂದ್ರು. ಅವರು ಬಿಟ್ಟುಹೋದ ಹಿಟ್ಟು ಇನ್ನೂ ಈ ಗಾಜಿನ ಮೇಲಿದೆ ನೋಡಿ."

ಅತ್ತೆ ಗಾಜನ್ನು ನೋಡಿದಳು. ಬೆರಳಚ್ಚಿನಷ್ಟು ಬಿಳಿ ಹಿಟ್ಟು ಅಂಟಿಕೊಂಡಿತ್ತು.

"ತೆಳ್ಳಗೆ, ಉದ್ದಕ್ಕೆ, ನಿಂತಲ್ಲೇ ಆಕಳಿಸೋನಾ?"

"ಅವರೇ."

"ಒಳ್ಳೇದು ಕೊಟ್ಟಿದೀಯಾ ಅವನಿಗೆ? ಹಿಂದಿನ ಸಲದ್ದು ವರ್ಷ ಬರಲಿಲ್ಲ."

"ಎರಡು ಥರ ಬರ್ತವಮ್ಮ. ಹಿಂದೆ ಯಾರೋ ನಿಮಗೆ ಹಿತ್ತಾಳೇದು ಕೊಟ್ಟಿರಬೇಕು. ಅವರು ತಗೊಂಡಿದ್ದು ಕಂಚಿಂದು, ಕಂಪನಿದೇ."

"ಹಾಗಾದ್ರೆ ಬೇಡ ಬಿಡಪ್ಪ. ಮನೇಲಿದೆ" ಎಂದು ಕರ್ಚೀಫು ಮಡಿಸಿಕೊಂಡು ಬಂದಳು. ಬರುವಾಗ ಬೀನ್ಸ್ ಕೊಳ್ಳುವುದನ್ನು ಮರೆಯಲಿಲ್ಲ.

ಮಧ್ಯಾಹ್ನ ಮಗ ಉಂಡು ಮಲಗಿದ್ದ. ಅತ್ತೆ ಅವನ ಹೆಗಲು ಅಲುಗಾಡಿಸಿದಳು.

"ಎಲ್ಲಿಟ್ಟಿದೀಯೋ?"

"ಏನಮ್ಮ?"

"ಬುಶ್."

ಅವನ ನಿದ್ದೆ ಪೂರಾ ಹಾರಿಹೋಯಿತು. ಮಂಚದ ಕೆಳಗೆ ಬಗ್ಗಿ, ಹಳೆಯ ಬೂಟಿನೊಳಗಿಂದ ಪುಟ್ಟ ಡಬ್ಬಿ ತೆಗೆದ. ಹಿತ್ತಲಿನ ಕಡೆಗೊಮ್ಮೆ ನೋಡಿ ದನಿ ತಗ್ಗಿಸಿದ. "ಅಪ್ಪನಿಗೆ ಕಣ್ಣು ಕಾಣ್ತಿಲ್ಲ, ಅಲ್ವಾ?"

"ನಿನಗೆ ಹೇಗೆ ಗೊತ್ತು?"

"ಗೋಡೆಗೆ ತೂಗುಹಾಕಿದ್ದ ನನ್ನ ಕೋಟನ್ನೇ ನಾನು ಅಂದ್ಕೊಂಡು ಮೊನ್ನೆ 'ಯಾವಾಗ ಬಂದ್ಯೋ' ಅಂತ ಕೇಳಿದ್ರು."

ಅತ್ತೆಗೆ ನಗು ಬಂತು, ನಗುವಿನ ಹಿಂದೆಯೇ ಕಣ್ಣಲ್ಲಿ ನೀರೂ ಬಂತು. "ನಿನ್ನ ಹೆಂಡತಿಗೆ ಹೇಳಿದೀಯಾ?"

"ಅವಳಿಗೆ ಹೇಳಿದ್ರೆ ಊಟಕ್ಕೆ ಕೂತಾಗ ಅಪ್ಪನ ಮುಖಕ್ಕೇ ಹೇಳಿಬಿಡ್ತಾಳೆ. ನಾನೊಂದು ಯೋಚನೆ ಮಾಡಿದೀನಿ. ಅಪ್ಪ ಯಾವತ್ತು ಬುಶ್ ಆಯ್ತು ಅಂತಾರೋ ಅವತ್ತು ನಾನೇ ಮೆಕ್ಯಾನಿಕ್ ಹತ್ರ ತಗೊಂಡು ಹೋಗ್ತೀನಿ. ದಾರೀಲಿ ಇದನ್ನ ಬದಲಾಯಿಸಿಬಿಡ್ತೀನಿ. ಗಾಡಿ ಓಡುತ್ತೆ. ಅಪ್ಪನಿಗೂ ಸಂತೋಷ."

"ಆಮೇಲೆ?"

"ಆಮೇಲೇನು?"

"ಗಾಡಿ ನೆಟ್ಟಗೆ ಓಡೋದು ನೋಡಿ ನಾಳೆ ಪಿಸ್ಟನ್ ಮಾಡೋಕೆ ನಿಲ್ತಾರೆ. ಅದನ್ನೂ ಬದಲಾಯಿಸ್ತೀಯಾ? ಪಕ್ಕದ ಮನೆಯವರ ಗಾಡಿಗೂ ಮಾಡಿಕೊಡ್ತೀನಿ ಅಂತಾರೆ. ಅವರ ಮನೆಗೂ ಬೂಟಿನಲ್ಲಿ ಬುಶ್ ಇಟ್ಕೊಂಡು ಓಡ್ತೀಯಾ?"

ಮಗ ಡಬ್ಬಿಯ ಮುಚ್ಚಳ ತೆಗೆಯುತ್ತ ಹಾಕುತ್ತ ಕೂತ. "ಹಾಗಾದ್ರೆ ನೀನೇ ಹೇಳಮ್ಮ."

"ನಾನ್ಯಾಕೆ? ನೀನು ಮಗ."

"ನೀನು ಹೆಂಡತಿ."

ಇಬ್ಬರೂ ಹೇಳಲಿಲ್ಲ. ಡಬ್ಬಿ ಮತ್ತೆ ಬೂಟಿನೊಳಗೆ ಸೇರಿತು.

ಅದಾದ ಕೆಲವೇ ದಿನಕ್ಕೆ ಸೊಸೆಯ ಆಫೀಸಿನ ಮೇಲಿನವರು ಖಡಾಖಂಡಿತವಾಗಿ ಹೇಳಿಬಿಟ್ಟರು. ಮುಂದಿನ ವಾರದಿಂದ ಗಾಡಿ ಇಲ್ಲದಿದ್ದರೆ ಕ್ವಾರಿ ಕಡೆಯ ಕೆಲಸ ಬೇರೆಯವರಿಗೆ. ಸೊಸೆ ಮನೆಗೆ ಬಂದವಳು ಜಗಳ ಆಡಲಿಲ್ಲ. ಮುಖ ತೊಳೆದುಕೊಂಡು ಸೀದಾ ಶೆಡ್ಡಿಗೆ ಹೋದಳು. ಅತ್ತೆ ಅಡುಗೆಮನೆಯ ಕಿಟಕಿಯಲ್ಲಿ ನಿಂತು ಕೇಳಿಸಿಕೊಂಡಳು.

"ಮಾವ, ನನಗೆ ಜಗಳ ಸಾಕಾಗಿದೆ. ಇಡೀ ಕಾರ್ಖಾನೆ ನಿಮ್ಮ ಕೈ ನಂಬ್ತಿತ್ತಂತೆ, ನಾನೊಬ್ಬಳು ಯಾಕೆ ಹಟ ಮಾಡ್ಲಿ. ನೀವು ಮಾಡಿರೋದರಲ್ಲಿ ಒಳ್ಳೇದು ಯಾವುದೋ ಅದನ್ನ ಕೊಡಿ. ನಾಳೆ ಬೆಳಿಗ್ಗೆ ನಾನೇ ಹಾಕಿಸ್ಕೊಂಡು ಬರ್ತೀನಿ."

ಯಜಮಾನರು ಲೇತು ನಿಲ್ಲಿಸಿ ಕೈ ಒರೆಸಿಕೊಂಡರು. ಆಮೇಲೆ ಹಲಗೆಯ ಮೇಲಿನ ಸಾಲಿನಲ್ಲಿ ತಡಕಿ ಒಂದನ್ನು ಎತ್ತಿ ಸೊಸೆಯ ಅಂಗೈಗೆ ಹಾಕಿದರು.

ಅವತ್ತು ಎಷ್ಟೋ ದಿನದ ಮೇಲೆ ನಾಲ್ಕು ಜನ ಒಟ್ಟಿಗೆ ಉಂಡರು. ಸೊಸೆ ಅನ್ನ ಬಡಿಸಿದಳು, ಕ್ವಾರಿಯ ಓಣಿಯ ನಾಯಿಯೊಂದು ಬಸ್ಸಿನ ತನಕ ತನ್ನನ್ನು ಬಿಡಲು ಬರುವ ಕಥೆ ಹೇಳಿದಳು. ಮಗ ನಕ್ಕ, ಆದರೆ ಅಮ್ಮನ ಕಡೆ ನೋಡಲಿಲ್ಲ. ಜಗಳ ಮುಗಿದು ಮನೆ ತಣ್ಣಗಾಗಿತ್ತು. ಅತ್ತೆ ಮಾತ್ರ ತಟ್ಟೆಯ ಅನ್ನವನ್ನು ಕಲಸುತ್ತಲೇ ಇದ್ದಳು. ಜಗಳ ಇರುವ ತನಕ ಆ ಬುಶ್ ಶೆಡ್ಡಿನಲ್ಲೇ ಇತ್ತು. ಈಗ ಅದು ಸೊಸೆಯ ಪರ್ಸಿನಲ್ಲಿತ್ತು. ಯಜಮಾನರ ತಟ್ಟೆಯಲ್ಲೂ ಅನ್ನ ಹಾಗೇ ಉಳಿದಿತ್ತು.

ಮಾರನೆಯ ದಿನ ಭಾನುವಾರ, ಮಗನಿಗೆ ರಜೆ. ಅವನು ಅಂಗಿ ಹಾಕಿಕೊಂಡು ಬಂದು, "ಕೊಡು, ನಾನೇ ಹೋಗಿಬರ್ತೀನಿ" ಎಂದ. ಒಂದು ಕೈ ಜೇಬಿನಲ್ಲೇ ಇತ್ತು.

"ನೀವ್ಯಾಕೆ? ವಾರಕ್ಕೊಂದು ರಜೆ, ಮಲ್ಕೊಳ್ಳಿ. ನನ್ನ ಗಾಡಿ, ನಾನು ಹೋಗ್ತೀನಿ" ಎಂದು ಸೊಸೆ ಚಪ್ಪಲಿ ಮೆಟ್ಟಿದಳು.

ಮಗ ಅಮ್ಮನ ಮುಖ ನೋಡಿದ. ಅತ್ತೆ ಕೈಯಲ್ಲಿದ್ದ ರೊಟ್ಟಿ ಹಿಟ್ಟನ್ನು ಹಾಗೇ ಬಿಟ್ಟು ಎದ್ದು ಬಂದಳು.

"ನಿಲ್ಲು. ಅದನ್ನ ಗಾಡಿಗೆ ಹಾಕಬೇಡ."

ಮೂರೂ ಜನ ಅವಳತ್ತ ತಿರುಗಿದರು. ಯಜಮಾನರು ಟೀ ಲೋಟ ಕೆಳಗಿಟ್ಟರು. "ನಿನಗೇನು ಗೊತ್ತು ಬುಶ್ ವಿಷಯ?"

"ಬುಶ್ ವಿಷಯ ಗೊತ್ತಿಲ್ಲ. ನಿಮ್ಮ ವಿಷಯ ಗೊತ್ತು."

"ಏನು ಗೊತ್ತು?"

"ಸಾಸಿವೆಗೂ ಇರುವೆಗೂ ವ್ಯತ್ಯಾಸ ಕಾಣಲ್ಲ ನಿಮಗೆ. ಬಾಗಿಲಲ್ಲಿ ನಿಂತಿರೋದು ನಾನೋ ಹಾಲಿನವನೋ ಅಂತ ದನಿ ಕೇಳಿ ಹೇಳ್ತೀರಿ. ಅಂಥ ಕಣ್ಣಲ್ಲಿ ಕೂದಲೆಳೆಯಷ್ಟು ಅಳತೆ ಹೇಗೆ ಹಿಡಿದ್ರಿ? ಅಳೆಯೋ ಆ ವರ್ನಿಯರ್ ತಂದು ಇವಳ ಮುಂದೆ ಒಂದೇ ಸಲ ಓದಿ ಹೇಳಿ. ಸರಿಯಾಗಿ ಓದಿದ್ರೆ ಈ ಮನೇಲಿ ಇನ್ನು ನಾನು ಬಾಯಿ ಬಿಡಲ್ಲ."

"ಹೆಚ್ಚಾಯ್ತು ನಿನ್ನದು" ಎಂದರು ಯಜಮಾನರು. ಆದರೂ ಎದ್ದು ಹೋಗಿ ವರ್ನಿಯರ್ ತಂದರು. ಸೊಸೆಯ ಕೈಯಿಂದ ಬುಶ್ ಇಸಿದುಕೊಂಡು ವರ್ನಿಯರಿನ ದವಡೆಗಳ ನಡುವೆ ಹಿಡಿದರು. ಕಿಟಕಿಯ ಬೆಳಕಿಗೆ ತಿರುಗಿಸಿದರು, ದೂರ ಹಿಡಿದರು, ಹತ್ತಿರ ಹಿಡಿದರು. ಬೀದಿಯಲ್ಲಿ ಯಾರೋ ತರಕಾರಿ ಕೂಗಿಕೊಂಡು ಹೋದರು. ಯಜಮಾನರ ತುಟಿ ಅಲುಗಿತು, ಅಂಕಿ ಹೊರಡಲಿಲ್ಲ.

ಕೊನೆಗೆ ಅವರು ಕುರ್ಚಿಯಲ್ಲಿ ಕೂತು ವರ್ನಿಯರನ್ನು ತೊಡೆಯ ಮೇಲಿಟ್ಟುಕೊಂಡರು.

"ಗೆರೆ ಎರಡೆರಡು ಕಾಣ್ತವೆ" ಎಂದರು. "ಯಾವುದು ಗೆರೆ, ಯಾವುದು ಅದರ ನೆರಳು, ತಿಳಿಯೋದಿಲ್ಲ. ಬೆರಳಲ್ಲಿ ಮುಟ್ಟಿ ಮುಟ್ಟಿ ಮಾಡ್ತಿದ್ದೆ. ಒಂದರ ಮೇಲೂ ನಂಬಿಕೆ ಬರಲಿಲ್ಲ, ಅದಕ್ಕೇ ಮತ್ತೊಂದು, ಮತ್ತೊಂದು. ನೀನು ಕೊಂಡು ತರ್ತೀನಿ ಅಂದಾಗಲೆಲ್ಲ ಹೂಂ ಅಂದುಬಿಡೋಣ ಅನಿಸ್ತಿತ್ತು ಮಗಳೇ. ನಾಲಿಗೆ ತಿರುಗ್ತಿರಲಿಲ್ಲ. ನಿನ್ನೆ ನೀನು ಬಂದು ನಂಬ್ತೀನಿ ಅಂದ್ಯಲ್ಲ, ಆವಾಗಿಂದ ಎದೆ ಹೊಡ್ಕೊಳ್ತಿದೆ." ಅವರು ಉದ್ದಕ್ಕೆ ಉಸಿರು ಬಿಟ್ಟು ಹೆಂಡತಿಯ ಕಡೆ ಮುಖ ಎತ್ತಿದರು. "ನೀನಾದರೂ ಹೇಳಿದ್ಯಲ್ಲ. ಸದ್ಯ."

ಅವರ ಭುಜಗಳು ಇಳಿದದ್ದು ಅತ್ತೆಗೆ ಕಂಡಿತು. ಭಾರದ ಚೀಲ ಹೊತ್ತು ಬಂದವರು ಅದನ್ನು ಕಟ್ಟೆಯ ಮೇಲಿಟ್ಟಾಗ ಇಳಿಯುತ್ತವಲ್ಲ, ಹಾಗೆ. ಗೋಡೆ ನೋಡುತ್ತ ಕೂರುವ ಮುಖ ಅದಾಗಿರಲಿಲ್ಲ. ಇಷ್ಟು ದಿನ ತಾನು ಹೆದರಿದ್ದು ಸುಮ್ಮನೆ ಎಂದು ಅವಳಿಗೆ ಆಗ ತಿಳಿಯಿತು.

ಮಗ ಜೇಬಿನಿಂದ ಡಬ್ಬಿ ತೆಗೆದು ಮೇಜಿನ ಮೇಲಿಟ್ಟ. ಯಜಮಾನರು ತಡಕಿ ತೆಗೆದು, ಒಳಗಿನ ಬುಶ್ಶನ್ನು ಬೆರಳಿಗೆ ಸಿಕ್ಕಿಸಿ ತಿರುಗಿಸಿದರು. "ಕಂಚಿಂದೇ" ಎಂದರು. "ಯಾವಾಗ ತಂದ್ಯೋ ಕಳ್ಳ?"

ಅಪ್ಪ ಮಗ ಇಬ್ಬರೂ ನಕ್ಕರು. ಸೊಸೆ ಮಾತ್ರ ನಗಲಿಲ್ಲ. ಅವಳು ಅತ್ತೆಯನ್ನೇ ನೋಡುತ್ತಿದ್ದಳು.

"ನಿಮಗೆ ಎಷ್ಟು ದಿನದಿಂದ ಗೊತ್ತಿತ್ತು ಅತ್ತೆ?"

"ಸುಮಾರು ದಿನದಿಂದ."

"ಆದರೂ ನನಗೇ ತಾಳ್ಮೆ ಇಲ್ಲ ಅಂದ್ರಿ. ಕ್ವಾರಿ ಇಳಿಜಾರಲ್ಲಿ ಹಿಂದೆ ಲಾರಿ ಬರ್ತಿರುತ್ತೆ. ಅಲ್ಲಿ ಇಂಜಿನ್ ಹಿಡ್ಕೊಂಡು ಚಕ್ರ ನಿಂತುಬಿಟ್ರೆ ಏನಾಗುತ್ತೆ ಅಂತ ಯೋಚನೆ ಮಾಡಿದ್ರಾ?"

"ಮಾಡ್ದೆ. ಅದಕ್ಕೇ ಹೇಳಿದೆ."

"ಇವತ್ತು ಹೇಳಿದ್ರಿ" ಎಂದು ಸೊಸೆ ಡಬ್ಬಿ ತೆಗೆದುಕೊಂಡು ಹೊರಟುಹೋದಳು.

ಸಂಜೆಗೆ ಗಾಡಿ ಬಂತು. ಟಕಟಕ ಇರಲಿಲ್ಲ. ಆದರೆ ಸೊಸೆ ಅತ್ತೆಯ ಹತ್ತಿರ ಎಷ್ಟು ಬೇಕೋ ಅಷ್ಟೇ ಮಾತಾಡಿದಳು. ಉಪ್ಪು ಎಲ್ಲಿದೆ, ಬಟ್ಟೆ ಒಣಗಿತಾ, ಅಷ್ಟೇ. ಅತ್ತೆಯೂ ಮೇಲೆ ಬಿದ್ದು ಮಾತಾಡಿಸಲಿಲ್ಲ. ಹುಡುಗಿ ಹೇಳಿದ್ದರಲ್ಲಿ ತಪ್ಪೇನಿದೆ ಎಂದು ಅವಳಿಗೇ ಅನಿಸುತ್ತಿತ್ತು. ಪ್ರತಿ ಸಂಜೆ ಒಲೆಯ ಮುಂದೆ ನಿಂತರೂ ಅವಳ ಕಿವಿ ರಸ್ತೆಯ ಮೇಲಿರುತ್ತಿತ್ತು. ಗಾಡಿಯ ಸದ್ದು ಬೀದಿ ತಿರುವಿನಲ್ಲಿ ಕೇಳಿ, ಗೇಟಿನ ಹತ್ತಿರ ನಿಂತು, ಸ್ಟ್ಯಾಂಡ್ ಹಾಕಿದ್ದು ಗೊತ್ತಾಗುವ ತನಕ ಕೈಯ ಕೆಲಸ ಮುಂದೆ ಸಾಗುತ್ತಿರಲಿಲ್ಲ.

ಯಜಮಾನರನ್ನು ಕಣ್ಣಾಸ್ಪತ್ರೆಗೆ ಕರೆದುಕೊಂಡು ಹೋದವಳು ಸೊಸೆಯೇ. ಪೊರೆ ಬಂದಿದೆ, ತೆಗೆದರೆ ಕಾಣುತ್ತದೆ ಎಂದರು ಡಾಕ್ಟರು.

"ಇಷ್ಟೇನಾ?" ಎಂದರಂತೆ ಯಜಮಾನರು.

"ಇಷ್ಟೇ" ಎಂದರಂತೆ ಡಾಕ್ಟರು.

ಒಂದು ಕಣ್ಣಿಗೆ ಆಪರೇಷನ್ ಆಗಿ ಪಟ್ಟಿ ಬಿಚ್ಚಿದ ದಿನ ಮನೆಗೆ ಬಂದವರೇ ಸೂರು ನೋಡಿ, "ಏನಿದು, ಇಷ್ಟೊಂದು ಜೇಡರಬಲೆ ಕಟ್ಟಿಕೊಂಡು ಬಾಳ್ತಿದೀರಾ?" ಎಂದರು.

"ಬಂತಪ್ಪ ಕಣ್ಣು" ಎಂದಳು ಅತ್ತೆ. "ಇನ್ನು ನಮ್ಮ ಗತಿ ಏನೋ."

ಡಾಕ್ಟರು ಕೆಲಸ ಮಾಡಬಹುದು ಎಂದ ಮೇಲೆ ಯಜಮಾನರು ಶೆಡ್ಡಿನಿಂದ ತಾವು ಕಡೆದ ಬುಶ್‌ಗಳನ್ನೆಲ್ಲ ತಟ್ಟೆಯಲ್ಲಿ ಹಾಕಿಕೊಂಡು ಬಂದು ಜಗಲಿಯಲ್ಲಿ ಕೂತರು. ಸೊಸೆ ಪಕ್ಕದಲ್ಲೇ ಗಾಡಿ ಒರೆಸುತ್ತಿದ್ದಳು. ಒಂದೊಂದನ್ನೇ ಅಳೆದು, ಒಂದೊಂದನ್ನೇ ಪಕ್ಕಕ್ಕಿಟ್ಟರು. ಸೊಸೆಗೆ ಕೊಟ್ಟಿದ್ದ ಬುಶ್ ಬಂದಾಗ ಎರಡೆರಡು ಸಲ ಅಳೆದರು.

"ಇದರ ತೂತು ಒಂದು ಕಡೆ ಸರಿಯಾಗಿದೆ, ಇನ್ನೊಂದು ಕಡೆ ಬಿಗಿ" ಎಂದರು. "ಮೆಕ್ಯಾನಿಕ್ ನನ್ನ ಮೇಲಿನ ಮರ್ಯಾದೆಗೆ ಬಡಿದು ಕೂರಿಸಿಬಿಡ್ತಿದ್ದ. ಬಿಸಿಯಾದ ಕೂಡಲೇ ಪಿನ್ ಹಿಡ್ಕೊಳ್ತಿತ್ತು. ಚಕ್ರ ಅಲ್ಲೇ ನಿಲ್ತಿತ್ತು."

ಸೊಸೆಯ ಕೈಯ ಬಟ್ಟೆ ನಿಂತಿತು. ಸ್ವಲ್ಪ ಹೊತ್ತಿಗೆ ಅವಳು ಒಳಗೆ ಬಂದು, ಅತ್ತೆಯ ಮುಂದಿದ್ದ ಬೀನ್ಸ್ ರಾಶಿಯಿಂದ ಒಂದು ಹಿಡಿ ಎಳೆದುಕೊಂಡು ನಾರು ತೆಗೆಯತೊಡಗಿದಳು.

"ಅವತ್ತು ನೀವು ಅಡ್ಡ ಬರದಿದ್ರೆ ನಾನು ಹೋಗಿಬಿಡ್ತಿದ್ದೆ ಅತ್ತೆ."

"ಇನ್ನೂ ಮುಂಚೆ ಹೇಳಬೇಕಿತ್ತು ಕಣೇ. ನೀನು ಅಂದಿದ್ದು ಸರಿ."

"ಸರಿಯೇ" ಎಂದಳು ಸೊಸೆ. ನಾರನ್ನು ತಟ್ಟೆಯ ಅಂಚಿಗೆ ಒತ್ತಿಟ್ಟು, "ಆದರೆ ಮಾವನಿಗೆ ಎದುರು ಮಾತಾಡೋದು ಅಂದ್ರೆ ನಿಮಗೆ ಎಷ್ಟು ಕಷ್ಟ ಅಂತ ನಾನು ನೋಡಿಲ್ವಾ. ಹಿಟ್ಟಿನ ಕೈ ತೊಳೆಯೋದೂ ಮರೆತು ಬಂದಿದ್ರಿ."

"ಅವರಿಗೆ ಹೆದರಿ ಅಲ್ಲ, ನಿನ್ನ ಪರ್ಸಿನಲ್ಲಿದ್ದದ್ದಕ್ಕೆ ಹೆದರಿ" ಎಂದಳು ಅತ್ತೆ. ಸೊಸೆ ಇನ್ನೊಂದು ಹಿಡಿ ಎಳೆದುಕೊಂಡಳು. ಇಬ್ಬರೂ ಸೇರಿ ಬೀನ್ಸ್ ಮುಗಿಸಿದರು.

ಎರಡನೆಯ ಕಣ್ಣೂ ಸರಿಹೋದ ಮೇಲೆ ಯಜಮಾನರು ಮತ್ತೆ ಲೇತಿನ ಮುಂದೆ ನಿಂತರು. ಹಳೆಯ ತಪ್ಪಿಗೆ ಪ್ರಾಯಶ್ಚಿತ್ತ ಎಂಬಂತೆ ಒಂದೇ ಒಂದು ಬುಶ್ ಕಡೆದು ಸೊಸೆಯ ಕೈಗಿಟ್ಟರು. "ಈಗಿರೋದು ಚೆನ್ನಾಗಿದೆ, ಓಡಲಿ. ಇದನ್ನ ಸೀಟಿನ ಕೆಳಗೆ ಇಟ್ಕೋ. ಮುಂದೆ ಬೇಕಾದಾಗ ಮೆಕ್ಯಾನಿಕ್ ಹತ್ರ ಅಳೆಸಿ ನೋಡು. ಸರಿ ಅಂದ್ರೆ ಹಾಕ್ಕೋ, ಇಲ್ಲಾಂದ್ರೆ ಕೊಂಡ್ಕೋ. ನನಗೇನೂ ಬೇಜಾರಿಲ್ಲ."

"ನಾಳೆನೇ ಅಳೆಸ್ತೀನಿ ಮಾವ" ಎಂದಳು ಸೊಸೆ.

"ಅಳೆಸು, ಅಳೆಸು" ಎಂದು ಅವರು ನಕ್ಕರು.

ಮೆಕ್ಯಾನಿಕ್ ಅಳೆದು, ಇಂಥದು ಇನ್ನೂ ಮೂರು ಮಾಡಿಕೊಡ್ತಾರಾ ಕೇಳಿ ಎಂದು ಹೇಳಿ ಕಳಿಸಿದ. ಯಜಮಾನರು ಒಂದು ದಿನ ಯೋಚಿಸಿ, ಅಳತೆಗೆ ಇನ್ನೊಬ್ಬರ ಕಣ್ಣೂ ಇರುವುದಾದರೆ ಮಾಡುತ್ತೇನೆ ಎಂದರು.

ಇದಾಗಿ ಕೆಲವು ವಾರ ಕಳೆದ ಮೇಲೆ ಒಂದು ಸಂಜೆ, ಅತ್ತೆ ಒಲೆಯ ಮುಂದೆ ನಿಂತು ರೊಟ್ಟಿ ಬೇಯಿಸುತ್ತ, ಪೇಪರಿನಲ್ಲಿ ಬಂದಿದ್ದ ಯಾವುದೋ ಕಳ್ಳತನದ ಸುದ್ದಿಯನ್ನು ಗಂಡ ಜಗಲಿಯಿಂದ ಜೋರಾಗಿ ಓದಿ ಹೇಳುತ್ತಿದ್ದುದಕ್ಕೆ ಕಿವಿಗೊಟ್ಟಿದ್ದಳು. ಕಳ್ಳ ಪಾತ್ರೆ ಕದ್ದು ಬಾವಿಯಲ್ಲಿ ಬಚ್ಚಿಟ್ಟದ್ದನ್ನು ಕೇಳಿ ನಗುತ್ತ ತಿರುಗಿದರೆ, ಸೊಸೆ ಕೈಕಾಲು ತೊಳೆದು, ಬಟ್ಟೆ ಬದಲಾಯಿಸಿ, ತಟ್ಟೆಗಳನ್ನು ಇಳಿಸುತ್ತಿದ್ದಳು.

"ಯಾವಾಗ ಬಂದ್ಯೇ?"

"ಬಂದು ಎಷ್ಟೋ ಹೊತ್ತಾಯ್ತಲ್ಲ ಅತ್ತೆ. ಗಾಡಿ ಸದ್ದು ಕೇಳಿಸಲಿಲ್ವಾ?"

"ಇಲ್ಲ ಕಣೇ" ಎಂದಳು ಅತ್ತೆ. ಇವತ್ತು ತನ್ನ ಕಿವಿ ರಸ್ತೆಯ ಮೇಲಿರಲೇ ಇಲ್ಲ ಎಂದು ಅವಳಿಗೆ ಆಗ ಹೊಳೆಯಿತು. ಆಮೇಲೆ ಕಾವಲಿಯ ಮೇಲಿನ ರೊಟ್ಟಿಯನ್ನು ಮಗುಚಿ ಹಾಕಿ, "ಕೂತ್ಕೋ, ಬಿಸಿಬಿಸಿ ಇದೆ. ಅವರಿಬ್ಬರನ್ನೂ ಕರಿ" ಎಂದಳು.